ತಲೆಯ ಮೇಲಿನ ತಂಗಳು ನೀರು

ನಮ್ಮ ಸೋದರಮಾವನನ್ನು ಯಾರ ಮನೆಗೂ ಕರೆದೊಯ್ಯುವಂತಿರಲಿಲ್ಲ. ಕುಡಿತವೋ ಜೂಜೋ ಇದ್ದಿದ್ದರೆ, ನಾಲ್ಕು ಜನಕ್ಕೆ ಅರ್ಥವಾಗುವ ದೋಷವಲ್ಲವೇ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಈ ಮಹಾನುಭಾವರು ಹೋದಲ್ಲೆಲ್ಲ ಮೊದಲು ಸೂರು ನೋಡಿ, ನಿಟ್ಟುಸಿರು ಬಿಟ್ಟು, “ನೀವು ಸುಟ್ಟುಹೋಗ್ತೀರಿ” ಎನ್ನುತ್ತಿದ್ದರು. ಅದೂ ಕಾಫಿ ಬರುವ ಮೊದಲೇ!

ಹನುಮಾನ್ ಘಾಟಿನ ನಮ್ಮ ಪುರೋಹಿತರ ಬಳಗದಲ್ಲಿ ಮಂತ್ರ ಬಿಟ್ಟು ಪಂಪು ಹಿಡಿದವರು ಅವರೊಬ್ಬರೇ. ಕಂಟೋನ್ಮೆಂಟಿನ ದೊಡ್ಡ ಹೋಟೆಲೊಂದರಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರುಗಳ ಉಸ್ತುವಾರಿ. ಸೂರಿನುದ್ದಕ್ಕೂ ಕೊಳವೆ, ಕೊಳವೆಯೊಳಗೆ ಸದಾ ನೀರು, ಅಲ್ಲಲ್ಲಿ ಗಾಜಿನ ಗುಳಿಗೆ ಕಚ್ಚಿಕೊಂಡ ಒಂದೊಂದು ಮೂತಿ. ಕೆಳಗೆ ಬೆಂಕಿ ಎದ್ದರೆ ಗಾಜು ಒಡೆದು ನೀರು ತಾನೇ ಸುರಿಯುತ್ತದೆ. ಬೆಂಕಿ ಏಳದಿದ್ದರೆ? ವರ್ಷಗಟ್ಟಲೆ ಅದೇ ನೀರು ಅಲ್ಲೇ ನಿಂತಿರುತ್ತದೆ. ಮಾವ ಸಹಿಸದೇ ಹೋದದ್ದು ಇದನ್ನೇ. ಗಂಗೆಯ ದಡದಲ್ಲಿ ಹುಟ್ಟಿದವನು ಜನರ ತಲೆಯ ಮೇಲೆ ತಂಗಳು ನೀರು ನಿಲ್ಲಿಸುವುದೇ? ಪ್ರತಿ ಏಕಾದಶಿಗೂ ಕೊಳವೆಗಳನ್ನೆಲ್ಲ ಬರಿದು ಮಾಡಿ ಹೊಸ ನೀರು ತುಂಬುತ್ತಿದ್ದರು.

ತಪಾಸಣೆಗೆ ಬಂದ ಇಂಜಿನಿಯರು ತಲೆ ಚಚ್ಚಿಕೊಂಡರು. “ಪಂಡಿತ್‌ಜೀ, ಹಳೇ ನೀರಿಂದ ಕೊಳವೆಗೆ ತೊಂದರೆಯಿಲ್ಲ. ಹೊಸ ನೀರಿನ ಜೊತೆ ಗಾಳಿ ಹೋಗಿ ತುಕ್ಕು ಹಿಡಿಯುತ್ತೆ. ಅದನ್ನ ಅದರ ಪಾಡಿಗೆ ಬಿಡಿ.”

“ತಾವು ನಿನ್ನೆಯ ನೀರಲ್ಲಿ ಆಚಮನ ಮಾಡ್ತೀರಾ?” ಎಂದು ಕೇಳಿದರು ಮಾವ. ಆ ಮನುಷ್ಯ ಯಾವ ನೀರಿನಲ್ಲೂ ಆಚಮನ ಮಾಡುವವರಲ್ಲ, ಚೀಲ ಎತ್ತಿಕೊಂಡು ಹೊರಟುಹೋದರು.

ಮಾವನಿಗೆ ಮಕ್ಕಳಿಲ್ಲ. ನನ್ನ ತಂಗಿ ತೊಟ್ಟಿಲಲ್ಲಿದ್ದಾಗಿನಿಂದ ಅವರು ಬಯಸಿದ್ದು ಒಂದೇ: ಸೋದರಮಾವನಾಗಿ ಅವಳ ಕೈಹಿಡಿದು ಮದುವೆ ಮಂಟಪಕ್ಕೆ ಕರೆತರುವುದು. ತೊಂಬತ್ತೆರಡನೇ ಇಸವಿಯಲ್ಲಿ ಅವಳ ಮದುವೆ ಗೊತ್ತಾದದ್ದೇ ತಡ, ತಮ್ಮ ಹೋಟೆಲಿನ ಹಾಲನ್ನೇ ಕೊಡಿಸಿದರು. ವರನ ಕಡೆಯವರು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮೈಸೂರಿನವರು. ನಗುವ ಮುನ್ನವೂ ಯೋಚಿಸುವ ಜನ.

ಅಂದು ನಮ್ಮ ನಾಚಿಕೆ ಬೆಳಿಗ್ಗೆಯೇ ಶುರುವಾಯಿತು. ಸ್ಪ್ರಿಂಕ್ಲರಿನ ಮೂತಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದವನನ್ನು ಕೆಳಗಿಳಿಸಿ ಮಾವ ಅವನ ಏಣಿಯನ್ನೇ ಕಿತ್ತುಕೊಂಡರು. ಆಮೇಲೆ ಹೋಮಕುಂಡದ ಬಳಿ ಕೂತು, ಪೌರೋಹಿತ್ಯಕ್ಕೆ ನಿಂತಿದ್ದ ನಮ್ಮ ದೊಡ್ಡಪ್ಪನಿಗೆ, “ಭಾವ, ಆಮೇಲೆ ಹೋಮಕ್ಕೆ ತುಪ್ಪ ಸ್ವಲ್ಪ ಕಡಿಮೆ ಹಾಕಿ. ಜ್ವಾಲೆ ಮೊಣಕಾಲು ದಾಟಬಾರದು” ಎಂದರು.

“ಅಗ್ನಿದೇವನಿಗೆ ನಿನ್ನ ಹೋಟೆಲಿನ ರೂಲ್ಸ್ ಹೇಳ್ಬೇಡಪ್ಪ,” ಎಂದರು ದೊಡ್ಡಪ್ಪ.

ಬೀಗರು ಯೋಚಿಸಿದರು. ನಗಲಿಲ್ಲ.

ಮುಹೂರ್ತ ಹತ್ತಿರವಾದಾಗ ಮೊದಲ ಹನಿ ಬಿತ್ತು. ಕಂದುಬಣ್ಣದ ತುಕ್ಕಿನ ನೀರು. ಬಿದ್ದದ್ದು ವರನ ಸೋದರತ್ತೆಯ ಕೆನೆಬಣ್ಣದ ರೇಷ್ಮೆ ಸೀರೆಗೆ. ಆಕೆ ಮೇಲೆ ನೋಡಿದರು. ಎರಡನೆಯದು ಹಣೆಗೇ ಬಿತ್ತು. ಕೊಳವೆ ತೂತಾಗಿತ್ತು.

“ವಾಲ್ವ್ ಮುಚ್ಚಿ, ಮಾವ,” ಎಂದೆ.

“ಇನ್ನೇನು ಹೋಮ ಶುರುವಾಗುತ್ತೆ, ಇಷ್ಟು ಜನ ಕೂತಿದಾರೆ. ಈಗ ನೀರು ನಿಲ್ಲಿಸೋದಾ?” ಎಂದವರೇ ಏಣಿ ಹತ್ತಿ, ತೂತಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಎರಡೂ ಕೈಯಲ್ಲಿ ಅಮುಕಿ ಹಿಡಿದರು. ನೀರು ಅವರ ತೋಳಿನಿಂದ ಇಳಿದು ಹೊಸ ಪಂಚೆಯನ್ನೆಲ್ಲ ಕಂದು ಮಾಡಿತು. ಕೆಳಗೆ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾನು ಯಾರ ಮುಖವನ್ನೂ ನೋಡದೆ ಏಣಿಯ ಕಾಲನ್ನೇ ನೋಡುತ್ತಿದ್ದೆ. ದೊಡ್ಡಪ್ಪ, “ಹುಡುಗೀನ ಕರ್ಕೊಂಡು ಬನ್ನಿ” ಎಂದು ಎರಡು ಸಲ ಕೂಗಿಯಾಗಿತ್ತು.

“ಇಂಜಿನಿಯರು ಹೇಳಿದ್ರು ಕಣೋ,” ಎಂದರು ಮಾವ, ಗೋಡೆಯ ಕಡೆ ತಿರುಗಿ. “ನಾನೇ ಕೇಳ್ಲಿಲ್ಲ. ಈ ಮುಖ ಹೊತ್ತು ಬೀಗರ ಮುಂದೆ ಹೇಗೆ ಬರ್ಲಿ? ನಿಮ್ಮ ಚಿಕ್ಕಪ್ಪ ಕರ್ಕೊಂಡು ಬರ್ಲಿ ಅವಳನ್ನ.”

ಅಷ್ಟರಲ್ಲಿ ತಂಗಿ ಕೋಣೆಯಿಂದ ತಾನೇ ಬಂದು, ಬಾಸಿಂಗ ಕಟ್ಟಿಕೊಂಡೇ ಏಣಿಯ ಕೆಳಗೆ ನಿಂತಳು.

“ಚಲೋ ಮಾವ. ಕೈ ಕೊಡಿ.”

“ಕೈಯೆಲ್ಲ ತುಕ್ಕು ಕಣೆ. ಧಾರೆ ಸೀರೆ ಹಾಳಾಗುತ್ತೆ.”

“ಹಾಳಾದ್ರೆ ಹಾಳಾಗ್ಲಿ. ನೀವು ಇಳಿಯೋವರೆಗೂ ನಾನು ಇಲ್ಲೇ ನಿಂತಿರ್ತೀನಿ. ದೊಡ್ಡಪ್ಪ ಮುಹೂರ್ತವನ್ನ ಬೇಕಾದ್ರೆ ಹಿಂದಕ್ಕೆ ಕರೀಲಿ.”

ಕೊಳವೆಯನ್ನು ಯಾರಾದರೂ ಹಿಡಿಯಲೇಬೇಕಿತ್ತಲ್ಲ. ನಾನು ಹತ್ತಿದೆ, ಅವರು ಇಳಿದರು. ತಂಗಿಯ ಮದುವೆಯನ್ನು ನಾನು ನೋಡಿದ್ದು ಏಣಿಯ ಮೇಲಿನಿಂದ, ರೇಷ್ಮೆ ಜುಬ್ಬಾದೊಳಗೆ ನೀರಿಳಿಸಿಕೊಳ್ಳುತ್ತ. ಕೆಳಗಿದ್ದವರಿಗೆಲ್ಲ ಸೋದರಮಾವ ಮದುಮಗಳನ್ನು ಮಂಟಪಕ್ಕೆ ಕರೆತರುತ್ತಿರುವಂತೆಯೇ ಕಂಡಿರಬೇಕು. ಮೇಲಿನಿಂದ ನನಗೆ ಕಂಡದ್ದು ಬೇರೆ. ತಲೆ ತಗ್ಗಿಸಿ, ಕಣ್ಣೊರೆಸಿಕೊಳ್ಳಲು ತುಕ್ಕಿಲ್ಲದ ಕೈಯೊಂದೂ ಇಲ್ಲದೆ ನಡೆಯುತ್ತಿದ್ದ ಮಾವನನ್ನು ಅವಳೇ ಒಂದೊಂದೇ ಹೆಜ್ಜೆ ಕರೆದುಕೊಂಡು ಹೋಗುತ್ತಿದ್ದಳು.