ಡಾಕ್ಟರು ಹೇಳಿದ ಅರ್ಧ ಗಂಟೆ

ಬಟ್ಟೆ ಅಂಗಡಿಗೆ ಹೋದ ಹೆಂಗಸರು ಬಣ್ಣ ನೋಡುತ್ತಾರೆ, ಹೊಲಿಗೆ ನೋಡುತ್ತಾರೆ, ಬೆಲೆ ಕೇಳಿದ ಮೇಲೆ ಬೇರೆಯದನ್ನು ನೋಡುತ್ತಾರೆ. ನಾನು ಹೋದ ವರ್ಷವಿಡೀ ನೋಡಿದ್ದು ಒಂದೇ: ಇದರ ಮೇಲೆ ಹಾಲು ಬಿದ್ದರೆ ಕಾಣುತ್ತದೆಯೋ ಇಲ್ಲವೋ. ಕಪ್ಪಿನ ಮೇಲೆ ಬಿದ್ದ ಕೂಡಲೇ ಕಾಣುತ್ತದೆ, ನೀಲಿಯ ಮೇಲೆ ಒಣಗಿದ ಮೇಲೆ ಕಾಣುತ್ತದೆ. ಬಿಳಿಯ ಮೇಲೆ ಕಾಣುವುದಿಲ್ಲ, ಆದರೆ ಬಿಳಿ ಹಾಕಿಕೊಂಡು ಮುಂಬಯಿಯ ಕುರ್ಲಾದಲ್ಲಿ ಲೋಕಲ್ ರೈಲು ಹತ್ತಿದವಳು ಫೋರ್ಟಿನ ಆಫೀಸು ಮುಟ್ಟುವ ಹೊತ್ತಿಗೆ ಬಿಳಿ ಎಂಬುದೇ ಉಳಿದಿರುವುದಿಲ್ಲ. ಕಡೆಗೆ ಸಣ್ಣ ಬಿಳಿ ಹೂಗಳಿರುವ ಕುರ್ತಾಗಳನ್ನೇ ಕೊಂಡೆ. ಮಗಳು ಕಕ್ಕಿದ ಕಡೆ ಒಂದು ಹೂವು ಹೆಚ್ಚಾಗುತ್ತಿತ್ತು, ಅಷ್ಟೆ.

ಮಗಳ ಹೆಸರು ಅನ್ವಿತಾ. ಹಾಲು ಕುಡಿದು ಕಕ್ಕುವುದರಲ್ಲಿ ಅವಳಿಗೆ ಯಾವ ಬೇಸರವೂ ಇರಲಿಲ್ಲ. ಅಳುತ್ತಿರಲಿಲ್ಲ, ಮುಖ ಕಿವಿಚುತ್ತಿರಲಿಲ್ಲ. ಕುಡಿದದ್ದರಲ್ಲಿ ಒಂದಿಷ್ಟನ್ನು ನಮ್ಮ ಭುಜಕ್ಕೆ ಹಿಂದಿರುಗಿಸಿ, ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ನಮ್ಮ ಎರಡು ಕೋಣೆಯ ಮನೆಯಲ್ಲಿ ಕೈಗೆ ಸಿಕ್ಕಿದ್ದೆಲ್ಲ ಟವೆಲ್ಲೇ. ನನ್ನ ಗಂಡ ಮಹಾಂತೇಶರ ಭುಜದ ಮೇಲಂತೂ ಒಂದು ಖಾಯಮ್ಮಾಗಿ ಇರುತ್ತಿತ್ತು. ಒಂದು ಭಾನುವಾರ ಅದನ್ನು ತೆಗೆಯಲು ಮರೆತು ಬಿಲ್ಡಿಂಗಿನ ಮೀಟಿಂಗಿಗೆ ಹೋದರು. ಹೊಸದಾಗಿ ಬಂದ ಬಾಡಿಗೆದಾರರೊಬ್ಬರು ಇವರನ್ನು ಪ್ಲಂಬರ್ ಎಂದು ತಿಳಿದು, ನಾಲ್ಕನೇ ಮಹಡಿಯ ಪೈಪು ಸೋರುವ ವಿಷಯವನ್ನು ವಿವರವಾಗಿ ಹೇಳಿದರಂತೆ. ಇವರು ಸಂಕೋಚಕ್ಕೆ ಬಿದ್ದು ಹೋಗಿ ನೋಡಿಯೂ ಬಂದರು.

ಹೆರಿಗೆ ರಜೆ ಇರುವಷ್ಟು ದಿನ ಇದೆಲ್ಲ ತಮಾಷೆಯಾಗಿತ್ತು. ರಜೆ ಮುಗಿಯಿತು. ಮಗುವನ್ನು ನೋಡಿಕೊಳ್ಳಲು ವಿಜಯಪುರ ಜಿಲ್ಲೆಯ ಊರಿನಿಂದ ಅತ್ತೆ ಬಂದರು. ನಾನು ಆಫೀಸಿಗೆ ಹೊರಟೆ. ಮೊದಲ ದಿನವೇ ರೈಲಿನ ಲೇಡೀಸ್ ಡಬ್ಬಿಯಲ್ಲಿ, ದಿನಾ ಜೊತೆಗೆ ಬರುವ ಮಂಗಳೂರು ಕಡೆಯ ಪುಷ್ಪಕ್ಕ ನನ್ನ ಬೆನ್ನು ನೋಡಿ, "ಎಂತ ಮಾರಾಯ್ತಿ, ಮಗು ಕಕ್ಕಿದ್ದಾ? ಒರೆಸ್ಬೇಡ, ಒಣಗ್ಲಿ. ಈಗ ಒರೆಸಿದ್ರೆ ಇಡೀ ಬೆನ್ನಿಗೆ ಆಗ್ತದೆ" ಎಂದರು. ನಾನು ಒರೆಸಲಿಲ್ಲ. ನಿಜ ಹೇಳಬೇಕೆಂದರೆ ಒರೆಸುವ ಮನಸ್ಸೂ ಇರಲಿಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನವರು ಮೂಗು ಅರಳಿಸಿ, "ಯಾರೋ ಡಬ್ಬಿಗೆ ಮೊಸರನ್ನ ತಂದಿದಾರೆ, ಹುಳಿಯಾಗಿದೆ" ಎಂದು ಎಲ್ಲರ ಚೀಲಗಳ ಕಡೆ ನೋಡಿದರು. ನಾನೂ ಅವರ ಜೊತೆ ಸೇರಿ ನೋಡಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ, ಕುರ್ತಾದ ಭುಜವನ್ನು ಮೂಗಿನ ಹತ್ತಿರ ಎಳೆದುಕೊಂಡು ಸುಮ್ಮನೆ ನಿಂತೆ. ಹುಳಿ ಹಾಲಿನ ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೊರಗೆ ಯಾರೋ ಬಾಗಿಲು ತಟ್ಟಿದರು. ಮುಂಬಯಿಯಲ್ಲಿ ಅಳುವುದಕ್ಕೂ ಹಿಂದೆ ಒಬ್ಬರು ಕ್ಯೂನಲ್ಲಿರುತ್ತಾರೆ.

ಸಂಜೆ ಓಡಿ ಬರುತ್ತಿದ್ದೆ. ಅತ್ತೆ ಅಷ್ಟು ಹೊತ್ತಿಗೆ ಅವಳಿಗೆ ಬಾಟಲಿ ಹಾಲು ಕುಡಿಸಿ, ಬೆನ್ನು ತಟ್ಟಿ, ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದರು. ನಾನು ಕೈಕಾಲು ತೊಳೆದವಳೇ ಮಗುವನ್ನು ಎತ್ತಿಕೊಂಡು ಮೇಲಕ್ಕೆ ಹಾರಿಸಿ, ಹೊಟ್ಟೆಗೆ ಮುತ್ತಿಟ್ಟು, ಗಿರಗಿರ ತಿರುಗಿಸುತ್ತಿದ್ದೆ. ಅವಳು ಕಿಲಕಿಲ ನಗುತ್ತಿದ್ದಳು, ನಕ್ಕು ಕಕ್ಕುತ್ತಿದ್ದಳು. ಅತ್ತೆ ಒರೆಸುವ ಬಟ್ಟೆ ಚಾಚುತ್ತಾ ಮೆಲ್ಲಗೆ ಹೇಳುತ್ತಿದ್ದರು: "ಮುಂಜಾನಿಂದ ನನ್ನ ಕಡೆ ಒಮ್ಮಿನೂ ಕಕ್ಕಿದ್ದಿಲ್ಲ ನೋಡವಾ."

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಒರೆಸಿ ಮುಗಿಸುವಷ್ಟರಲ್ಲಿ ಕಣಕ ನಾದುವ ಹೊತ್ತಾಗುತ್ತಿತ್ತು. ಅತ್ತೆ ಮಗುವನ್ನು ತೆಗೆದುಕೊಳ್ಳುತ್ತಿದ್ದರು, ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಚಪಾತಿ ಮುಗಿದಾಗ ಅನ್ವಿತಾ ಅಜ್ಜಿಯ ತೋಳಿನಲ್ಲಿ ನಿದ್ದೆ ಹೋಗಿರುತ್ತಿದ್ದಳು. ಇಡೀ ದಿನ ಹಂಬಲಿಸಿದ್ದಕ್ಕೆ ನನಗೆ ಸಿಗುತ್ತಿದ್ದದ್ದು ಎರಡು ಗಿರಕಿ ಮತ್ತು ಒಂದು ಒದ್ದೆ ಭುಜ.

ಅವಳಿಗೆ ಏನೋ ಕಾಯಿಲೆ ಇರಬೇಕೆಂದು ಹೆದರಿ ಪರೇಲಿನ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ನಾನು, ಮಗು, ಅತ್ತೆ. ಡಾಕ್ಟರು ತೂಕ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ನಾನು ಸಂಜೆ ಏನು ಮಾಡುತ್ತೇನೆಂದು ಕೇಳಿಕೊಂಡು ನಕ್ಕರು. ಕಾಯಿಲೆಯೇನೂ ಇಲ್ಲ, ತೂಕ ಚೆನ್ನಾಗಿದೆ, ಹಾಲು ಕುಡಿದ ಮಗುವನ್ನು ಹಾಗೆ ಕುಲುಕಬೇಡಿ, ಅರ್ಧ ಗಂಟೆ ಭುಜಕ್ಕೆ ಒರಗಿಸಿ ನೆಟ್ಟಗೆ ಹಿಡಿದುಕೊಂಡು ಕೂತರೆ ಸಾಕು, ಬೆಳೆದಂತೆ ತಾನೇ ನಿಲ್ಲುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಯಾರು ಹಿಡಿಯಬೇಕು ಎಂದು ಕೇಳಿದೆ. "ಕೋಯಿ ಭೀ" ಎಂದರು. ಯಾರಾದರೂ ಸರಿ.

ಹಿಂದಿ ಬಾರದ ಅತ್ತೆ ನನ್ನ ಮುಖ ನೋಡಿದರು. "ಏನಂತ?"

ನಾನು ಎಲ್ಲವನ್ನೂ ಪ್ರಾಮಾಣಿಕವಾಗಿ ಕನ್ನಡಕ್ಕೆ ತಂದೆ. ಕೊನೆಯದನ್ನು ಮಾತ್ರ ಸ್ವಲ್ಪ ತಿದ್ದಿದೆ. "ಸಂಜಿ ಹಾಲು ಕುಡಿಸಿ ಅರ್ಧಾ ತಾಸು ತಾಯೀನ ಹಿಡಕೊಂಡು ಕೂಡ್ರಬೇಕಂತ, ಅತ್ತಿ. ಬ್ಯಾರೆ ಯಾರೂ ಹಿಡೀಬಾರದಂತ."

ಅತ್ತೆ ಒಮ್ಮೆ ಡಾಕ್ಟರ ಕಡೆ, ಒಮ್ಮೆ ನನ್ನ ಕಡೆ ನೋಡಿ, "ಹಂಗಾರ ಚಪಾತಿ ನಾ ಲಟ್ಟಸ್ತೀನಿ ಬಿಡು" ಎಂದರು.

ಆ ಮೇಲಿನ ಸಂಜೆಗಳನ್ನು ಹೇಗೆ ವರ್ಣಿಸಲಿ. ನಾನು ಬಂದ ಮೇಲೆಯೇ ಅವಳಿಗೆ ಹಾಲು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಗಳನ್ನು ಎದೆಗೆ ಒರಗಿಸಿಕೊಂಡು ಕೂರುತ್ತಿದ್ದೆ. ಕೆಳಗೆ ರಿಕ್ಷಾಗಳ ಹಾರ್ನು, ಒಳಗೆ ಕುಕ್ಕರಿನ ಸೀಟಿ, ನನ್ನ ಕುತ್ತಿಗೆಗೆ ಅವಳ ಬಿಸಿ ಉಸಿರು. ಒಂದು ತೇಗು ಬಂದರೆ ಇಬ್ಬರಿಗೂ ಸಮಾಧಾನ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಸಂಜೆ ಹೊತ್ತು ನಾನು ಕೂತದ್ದು ಅದೇ ಮೊದಲು. ಬಾಗಿಲು ತಟ್ಟಿದರೆ ಮಹಾಂತೇಶರೇ ಏಳಬೇಕು. ಫೋನು ಬಂದರೆ, "ಅಕಿ ಕೂತಾಳ, ಡಾಕ್ಟರು ಹೇಳ್ಯಾರ" ಎಂದು ಅತ್ತೆಯೇ ಉತ್ತರ ಕೊಡುತ್ತಿದ್ದರು. ಅನ್ವಿತಾ ಕಕ್ಕುವುದು ಕಡಿಮೆಯಾಗುತ್ತಾ ಬಂತು. ಎಲ್ಲರೂ ಸಂತೋಷಪಟ್ಟರು. ನಾನೂ ಪಟ್ಟಂತೆ ತೋರಿಸಿದೆ. ಒಳಗೊಳಗೆ, ಇವಳು ಇಷ್ಟು ಬೇಗ ಸುಧಾರಿಸುವ ಅಗತ್ಯವೇನಿತ್ತು ಎನ್ನಿಸುತ್ತಿತ್ತು.

ಅವಳು ಕೂರಲು ಕಲಿತಳು, ಅಂಬೆಗಾಲಿಟ್ಟಳು, ಕಕ್ಕುವುದನ್ನು ಪೂರ್ತಿ ಬಿಟ್ಟಳು. ಮತ್ತೊಮ್ಮೆ ಪರೇಲಿಗೆ ಹೋದಾಗ ಡಾಕ್ಟರು ಅವಳನ್ನು ನೋಡಿ, ಇನ್ನು ಹಿಡಿದುಕೊಂಡು ಕೂರುವ ಕೆಲಸವಿಲ್ಲ, ನೆಲದ ಮೇಲೆ ಬಿಡಿ, ಆಡಲಿ ಎಂದರು. ನಾನು ಅತ್ತೆಯ ಕಡೆ ತಿರುಗಿ, "ಇನ್ನೂ ಸ್ವಲ್ಪ ದಿನ ಹಂಗ ಹಿಡಕೊಂಡು ಕೂಡ್ರಬೇಕಂತ" ಎಂದೆ.

ಅತ್ತೆ ತಲೆಯಾಡಿಸಿದರು. ಸೆರಗು ಸರಿಮಾಡಿಕೊಂಡು ಎದ್ದು, ಡಾಕ್ಟರಿಗೆ ಕೈಮುಗಿದು, "ಠೀಕ್ ಹೈ ಡಾಕ್ಟರ್ ಸಾಬ್, ಅಬ್ ನೀಚೇ ಛೋಡೇಂಗೆ, ಖೇಲೇಗೀ" ಎಂದರು. ಸರಿ, ಇನ್ನು ನೆಲಕ್ಕೆ ಬಿಡುತ್ತೇವೆ, ಆಡುತ್ತಾಳೆ.

ಟ್ಯಾಕ್ಸಿ ಹತ್ತಿ ಮಗುವನ್ನು ಅತ್ತೆಯ ಮಡಿಲಲ್ಲಿ ಕೂರಿಸಿದೆ. ಆಮೇಲೆ ಕೇಳಿದೆ, "ಅತ್ತಿ, ನಿಮಗ ಹಿಂದಿ ಯಾವಾಗ ಬಂತು?"

"ದಿನಾ ಇಕಿನ್ನ ಎತ್ಕೊಂಡು ಕೆಳಗ ಕಾಯಿಪಲ್ಲೆ ತರಾಕ ಹೋಗ್ತೀನಿ. ಮಾರಾಂವ ಕನ್ನಡ ಕಲಿಯಾಂವ ಅಲ್ಲ. ನಾನ ಕಲಿತೆ."

"ಹೋದ ಸಲ ಬಂದಾಗ?"

"ಅವತ್ತ ಎಲ್ಲಾ ತಿಳೀಲಿಲ್ಲ ಬಿಡು. 'ಕೋಯಿ ಭೀ' ಅಂದದ್ದು ತಿಳೀತು."

"ಮತ್ತ ಯಾಕ ಸುಮ್ಮನಿದ್ರಿ?"

ಅತ್ತೆ ಮೊಮ್ಮಗಳ ಟೊಪ್ಪಿಗೆಯನ್ನು ಕಿವಿಯ ಮೇಲೆ ಎಳೆದರು. "ಮಹಾಂತೇಶ ಮೂರು ತಿಂಗಳ ಕೂಸಿದ್ದಾಗ ನಾ ಹೊಲದ ಕೆಲಸಕ್ಕ ಹೋಗಾಕ ಹತ್ತಿದೆ. ಸಂಜಿಗೆ ಬಂದು ಕೈ ಚಾಚಿದ್ರ ಅಂವಾ ಅಜ್ಜೀನ ಬಿಟ್ಟು ಬರತಿದ್ದಿಲ್ಲ. ನಾ ರೊಟ್ಟಿ ಬಡಿಯಾಕ ಹೋಗ್ತಿದ್ದೆ. ನನಗ ಅರ್ಧಾ ತಾಸು ಕೊಡಸಾಕ ಯಾವ ಡಾಕ್ಟರೂ ಇರಲಿಲ್ಲ." ಇಷ್ಟು ಹೇಳಿ ಕಿಟಕಿಯ ಹೊರಗೆ ನೋಡತೊಡಗಿದರು. ನಾನು ಅವರ ಕೈ ಹಿಡಿದುಕೊಂಡೆ. ಅನ್ವಿತಾ ಇಬ್ಬರ ಬಳೆಗಳನ್ನೂ ಎಣಿಸುವವಳಂತೆ ಒಂದೊಂದಾಗಿ ಎಳೆದಳು.

ಮನೆಗೆ ಬಂದ ಮೇಲೆ ನಾನೇ ಅಡುಗೆಮನೆಗೆ ಹೊರಟೆ. ಅತ್ತೆ ಬಾಗಿಲಲ್ಲೇ ತಡೆದು, "ನೀ ಕೂಡ್ರು, ಡಾಕ್ಟರು ಹೇಳ್ಯಾರಲ್ಲ" ಎಂದು ಲಟ್ಟಣಿಗೆ ತೆಗೆದುಕೊಂಡರು. ನಾನು ಭುಜಕ್ಕೆ ಟವೆಲ್ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಮಗಳಿಗೆ ಹಾಲು ಕುಡಿಸಿ ಎದೆಗೆ ಒರಗಿಸಿಕೊಂಡೆ. ಅವಳು ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ನನ್ನ ಹೊಟ್ಟೆಗೆ ಕಾಲು ಕೊಟ್ಟು ಒದ್ದು, ಮಡಿಲಿನಿಂದ ಜಾರಿ, ನೆಲ ಮುಟ್ಟಿದವಳೇ ಅಡುಗೆಮನೆಯ ಕಡೆಗೆ, ಲಟ್ಟಣಿಗೆಯ ಸದ್ದಿನ ಕಡೆಗೆ ಅಂಬೆಗಾಲಿಟ್ಟು ಹೊರಟಳು. ತಿರುಗಿ ಸಹ ನೋಡಲಿಲ್ಲ. ಒಳಗಿನಿಂದ ಅಜ್ಜಿ ಮೊಮ್ಮಗಳು ನಗುವುದು ಕೇಳಿಸುತ್ತಿತ್ತು. ಎದ್ದು ಹೋಗಬಹುದಿತ್ತು. ಆದರೆ ಡಾಕ್ಟರ ಮಾತನ್ನು ಅಷ್ಟು ಸಲ ಹೇಳಿದವಳು ಈಗ ಏಳುವುದು ಹೇಗೆ? ಇನ್ನು ಬೇಡವೆಂದು ಡಾಕ್ಟರೇ ಹೇಳಿದ್ದ ಆ ಅರ್ಧ ಗಂಟೆಯನ್ನು ಖಾಲಿ ಟವೆಲ್ ಹೊದ್ದುಕೊಂಡು ನಾನೊಬ್ಬಳೇ ನೆಟ್ಟಗೆ ಕೂತು ಮುಗಿಸಿದೆ.