ಫ್ರೇಮ್‌ವರ್ಕಿಗೆ ಪ್ರಸಾದ ಕೇಳಿದ್ದು

ಹೊನ್ನಾವರಕ್ಕೆ ಸೇತುವೆ ಬರುವ ಮೊದಲು, ಒಂದು ಮದುವೆ ದಿಬ್ಬಣವನ್ನು ವಾಲಗದವರ ಸಮೇತ ಒಂದೇ ಹುಟ್ಟಿನಲ್ಲಿ ಶರಾವತಿ ದಾಟಿಸಿದವ ನಾನು. ಕಂಡವರು ಯಾರೂ ಈಗ ಉಳಿದಿಲ್ಲ, ನಂಬಬೇಕು. ಇಂಥವನಿರುವ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ.

೧. ಸಲಹೆ

ಮೊಮ್ಮಗಳು ಮನೆಯಲ್ಲೇ ಕೂತು ವೆಬ್‌ಸೈಟ್ ಕಟ್ಟುತ್ತಾಳೆ. ಪ್ರವಾಸಿಗರು ಮೊಬೈಲಿನಲ್ಲೇ ದೋಣಿ, ಸೀಟು ಆರಿಸುವಂಥದ್ದು ಬೇಕೆಂದು ದೋಣಿ ಸಂಘದವರು ಕೇಳಿದ್ದರು. ಅವಳ ಮೊದಲ ಕೆಲಸ. ಸೋಮವಾರ ತೋರಿಸಬೇಕು, ಮೆಚ್ಚದಿದ್ದರೆ ಕೆಲಸ ಭಟ್ಕಳದ ಕಂಪನಿಯವರ ಪಾಲು.

"ಎಂತದೇ ಯೋಚನೆ?" ಅಂದೆ.

"ಫ್ರೇಮ್‌ವರ್ಕ್ ಅಜ್ಜ. ದೋಣಿಗೆ ಹಂದರ ಇದ್ದ ಹಾಗೆ, ಅದರ ಮೇಲೆ ಉಳಿದದ್ದು ಕಟ್ಟುವುದು. ಒಂದು ದೊಡ್ಡದು, ಎಲ್ಲ ಅದರಲ್ಲೇ ಅದೆ. ಇನ್ನೊಂದು ಸಣ್ಣದು, ಬೇಕಾದ್ದು ನಾವೇ ಸೇರಿಸಬೇಕು."

"ದೊಡ್ಡದೇ ತಕೋ. ನಾನು ನಲವತ್ತು ಮೊಳದ ದೋಣಿ ಕಟ್ಟಿದವ."

"ಅದು ನೀರಿಗೆ ಇಳಿದಿತ್ತಾ?"

"ಕೊಟ್ಟಿಗೆ ಬಾಗಿಲು ಸಣ್ಣದಿತ್ತು."

೨. ಪ್ರಸಾದ

ಅವಳ ಮನಸ್ಸು ಎರಡರಲ್ಲಿ ಒಂದರ ಮೇಲೂ ನಿಲ್ಲಲಿಲ್ಲ. ಸಂಬಂಧ ಕೂಡಿಸುವುದಾದರೂ, ಬಾವಿ ತೋಡುವುದಾದರೂ ನಮ್ಮಲ್ಲಿ ದೇವರ ಮೈಮೇಲೆ ಹೂ ಅಂಟಿಸಿ, ಅದು ಯಾವ ಬದಿಗೆ ಬೀಳುತ್ತದೆಂದು ನೋಡಿ ಪ್ರಸಾದ ಕೇಳುತ್ತಾರೆ. ನಾನು ದೇವಸ್ಥಾನಕ್ಕೆಂದು ಕುಮಟೆ ಬಸ್ಸು ಹತ್ತಿದೆ.

"ಮದುವೆಯೋ, ಜಾಗವೋ?" ಭಟ್ಟರು ಕೇಳಿದರು.

"ಫ್ರೇಮ್‌ವರ್ಕ್. ಬಲಕ್ಕೆ ಬಿದ್ದರೆ ದೊಡ್ಡದು, ಎಡಕ್ಕೆ ಬಿದ್ದರೆ ಸಣ್ಣದು."

ಭಟ್ಟರು ನನ್ನನ್ನೊಮ್ಮೆ, ದೇವರನ್ನೊಮ್ಮೆ ನೋಡಿ ಪ್ರಾರ್ಥನೆ ಮಾಡಿದರು. ಹೂ ಬಲಕ್ಕೇ ಬಿತ್ತು.

"ಆತು, ದೊಡ್ಡದೇ" ಎಂದು ಎದ್ದೆ. ಭಟ್ಟರು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಈ ದೇವಸ್ಥಾನದ ವೆಬ್‌ಸೈಟೂ ದೊಡ್ಡದರಲ್ಲೇ ಮಾಡಿಸಿದ್ದು ಮಾರಾಯ. ಅದು ತೆರೆಯುವುದರೊಳಗೆ ಇಲ್ಲಿ ಮಂಗಳಾರತಿ ಆಗಿಹೋಗ್ತದೆ."

೩. ಸೋಮವಾರ

ಮನೆಗೆ ಬಂದು ಎರಡೂ ಹೇಳಿದೆ. "ಹೂವಿಗಿಂತ ಭಟ್ಟರ ಮಾತು ಗಟ್ಟಿ" ಎಂದು ಅವಳು ಸಣ್ಣದನ್ನೇ ಹಿಡಿದಳು.

ಸೋಮವಾರ ದೋಣಿ ನಿಲ್ಲಿಸುವ ಜಾಗದಲ್ಲಿ ಸಂಘದವರೆಲ್ಲ ಕೂಡಿದ್ದರು. ಉಪ್ಪುನೀರಲ್ಲಿ ಬೇರು ಬಿಟ್ಟ ಕಾಂಡ್ಲ ಗಿಡಗಳ ನಡುವೆ ಮೊಬೈಲಿಗೆ ನೆಟ್‌ವರ್ಕ್ ಒಂದೇ ಕಡ್ಡಿ. ಅಧ್ಯಕ್ಷರದು ಗಾಜು ಒಡೆದ ಹಳೇ ಫೋನು. ಮೊಮ್ಮಗಳು ಅದಕ್ಕೆ ಲಿಂಕ್ ಕಳಿಸಿದಳು. ಅಧ್ಯಕ್ಷರು ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಪುಟ ಬಂತು, ಮುಂದಿನ ಸಾಲಿನ ಸೀಟು ಅವರ ಹೆಸರಿಗೆ ಆತು.

"ಕೆಲಸ ನಿನಗೇ ತಂಗಿ" ಅಂದರು.

ನಾನು ಅಷ್ಟಕ್ಕೇ ಸುಮ್ಮನಿರಬಹುದಿತ್ತು. "ಇದರಲ್ಲಿ ಅರ್ಧ ನಾನೇ ಬರೆದದ್ದು" ಅಂದೆ.

ಅಧ್ಯಕ್ಷರು ಫೋನನ್ನು ನನ್ನ ಮುಖಕ್ಕೆ ಹಿಡಿದರು. ಪೂರಾ ಇಂಗ್ಲಿಷು.

"ಹೌದಾ ಅಜ್ಜ? ಈ ಮೇಲಿನ ಸಾಲು ಓದು ನೋಡುವಾ."

ನಾನು ಭುಜ ಹಾರಿಸಿದೆ.

"ಬರೆಯುವ ಕಷ್ಟ ನನಗಾತಲ್ಲ, ಓದುವುದಾದರೂ ನೀವು ಮಾಡಿ."