ರಷ್ಯಾ, ಅಮೆರಿಕಾ ಮತ್ತು ನಮ್ಮನಿ ಏಣಿ

“ಏಣಿ ತಗೀಬ್ಯಾಡ್ರಿ, ಮ್ಯಾಲ ಮಂದಿ ಅದಾರ.”

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ಮ್ಯಾಲ ಯಾರೂ ಇರಲಿಲ್ಲ.

ನಾನು ಬೈಲಹೊಂಗಲದಾಗ ಮನಿಗಳಿಗೆ ಸುಣ್ಣ ಹಚ್ಚಾಂವ. ಓದಿದ್ದು ಕಡಿಮಿ. ಓಣ್ಯಾಗ ಉದ್ದನ್ನ ಏಣಿ ಇದ್ದದ್ದು ನಮ್ಮನ್ಯಾಗ ಒಂದೇ. ಅದನ್ನ ತಗೀದಿದ್ದರ ನನ್ನ ಹೊಟ್ಟಿ ನಡೆಯೂದಿಲ್ಲ. ರಷ್ಯಾದವರು ಆಕಾಶಕ್ಕ ಚಿಕ್ಕಿ ಬಿಟ್ಟ ಮ್ಯಾಲ ಅದರ ಸುತ್ತ ಒಂದಿಲ್ಲೊಂದು ನಡೀತಾನ ಇತ್ತು.

೧. ಅರ್ಧ ಗಡ್ಡ

ಸುದ್ದಿ ಮೊದಲು ಬಂದದ್ದು ಕ್ಷೌರದಂಗಡಿಗೆ. ಯಾರೋ ಪೇಪರ್ ಓದಿ ಹೇಳಿದರು, ರಷ್ಯಾದವರು ಮಾಡಿದ ಚೆಂಡು ಭೂಮಿ ಸುತ್ತ ತಿರಗಾಕ ಹತ್ತೇತಿ ಅಂತ. ಕ್ಷೌರದಾಂವ ಆ ಗಳಿಗೆಯಿಂದ ರಷ್ಯಾ ಆದ. ಗಡ್ಡ ಮಾಡಿಸಿಕೊಳ್ಳಾಕ ಕುಂತಿದ್ದ ಚಾದಂಗಡಿಯಾಂವ, ಎದುರಿಗೆ ಒಬ್ಬರು ಇರಬೇಕಲ್ಲ ಅಂತ ಅಮೆರಿಕಾ ಆದ.

“ನಿಮ್ಮ ಅಮೆರಿಕಾದ್ದು ಎಲ್ಲೈತ್ರಿ?” ಅಂದ ಕ್ಷೌರದಾಂವ.

“ಬರತೈತಿ. ಸವದತ್ತಿ ಬಸ್ ತಡಾ ಮಾಡಿ ಬರೂದಿಲ್ಲೇನು?”

“ಹಂಗಾರ ಉಳಿದ ಅರ್ಧ ಗಡ್ಡ ಅದು ಬಂದ ಮ್ಯಾಲ.” ಕತ್ತಿ ಮಡಚಿಟ್ಟ.

“ಇಟ್ಕೋ ನಿನ್ನ ಕತ್ತಿ. ಅಲ್ಲೀಮಟಾ ಹಿಂಗ ಇರತೇನಿ.”

ಇದ್ದ. ಅಮೆರಿಕಾದ್ದು ಒಂದು ಸಲ ಎದ್ದು ಅಲ್ಲೇ ಬಿತ್ತು. ಮತ್ತೂ ಇದ್ದ. ಚಳಿಗಾಲದಾಗ ಕಡೀಗೆ ಹಾರಿತು. ಚಾದಂಗಡಿಯಾಂವ ಎದಿ ಉಬ್ಬಿಸಿಕೊಂಡು ಹೋಗಿ ಕುಂತ. ಕ್ಷೌರದಾಂವ ಮುಖ ತಿರುವಿ ತಿರುವಿ ನೋಡಿ ಕೇಳಿದ, “ಯಾವ ಅರ್ಧರಿ? ಎರಡೂ ಕಡೆ ಬೆಳದಾವಲ್ಲ.”

೨. ನಾಯಿಯ ರೊಟ್ಟಿ

ಇದರ ನಡುವ ರಷ್ಯಾದವರು ಮ್ಯಾಲ ಒಂದು ನಾಯಿ ಕಳಿಸಿದರು. ನನ್ನ ಹೆಂಡತಿ ಕ್ಷೌರದಾಂವನನ್ನು ಓಣ್ಯಾಗ ನಿಲ್ಲಿಸಿದಳು.

“ಅದಕ್ಕ ಊಟಾ?”

“ಮಶೀನ ಹಾಕತೈತಿ ಅಕ್ಕಾ.”

“ಮಶೀನ ಹಾಕಿದ್ರ ನಾಯಿ ತಿಂತೈತೇನು? ಬಾ ಅನ್ನಾಕ ಒಬ್ಬರು ಬ್ಯಾಡಾ?”

ಅವತ್ತಿನಿಂದ ದಿನಾ ಸಂಜೀಕೆ ಏಣಿ ಹತ್ತಿ ನಮ್ಮ ಮಾಳಿಗಿ ಮ್ಯಾಲ ಒಂದು ರೊಟ್ಟಿ ಇಟ್ಟು ಬರತಿದ್ದಳು. ಕಾಗಿ ಒಯ್ಯತಿದ್ದವು. ಕ್ಷೌರದಾಂವ ಮಾತ್ರ ಚಾದಂಗಡಿಗೆ ಹೋಗಿ, “ನಮ್ಮ ನಾಯಿ ಬಂದು ಉಂಡು ಹೋತು” ಅಂದ.

ಚಾದಂಗಡಿಯಾಂವ ಬಿಡಲಿಲ್ಲ. ಕಪ್ಪಿನ್ಯಾಗ ಚಾ ತಂದು ರೊಟ್ಟಿ ಬಾಜೂಕ ಇಟ್ಟ.

“ಇದು ಯಾರಿಗೋ?” ಅಂದಳು ಹೆಂಡತಿ.

“ಅಮೆರಿಕಾದವರಿಗೆ. ಅವರು ನಾಯಿ ಕಳಸೂದಿಲ್ಲ, ಮನಿಶ್ಯಾನ್ನ ಕಳಸ್ತಾರ.”

“ಚಾ ಆರೂದರಾಗ ಬರತಾನೇನ ಕೇಳ್ರಿ” ಅಂದ ಕ್ಷೌರದಾಂವ.

೩. ಧೋತರದ ಗಂಟು

ಆಮ್ಯಾಲ ಇಬ್ಬರದೂ ಆಕಾಶದಾಗ ಇದ್ದುವು. ಕಾಣೂದು ಒಂದ ಚಿಕ್ಕಿ. ನಮ್ಮದು, ನಿಮ್ಮದು ಅಂತ ದಿನಾ ಮಾಳಿಗಿ ಮ್ಯಾಲ ಜಗಳ.

ನಮ್ಮ ಏಣಿ ಜಾರತಿತ್ತು. ಕೆಳಗ ಒಬ್ಬರು ಹಿಡೀಬೇಕು. ರಷ್ಯಾ ಹತ್ತುವಾಗ ಅಮೆರಿಕಾ ಹಿಡಿಯೂದಿಲ್ಲ, ಅಮೆರಿಕಾ ಹತ್ತುವಾಗ ರಷ್ಯಾ ಹಿಡಿಯೂದಿಲ್ಲ. ಇಬ್ಬರಿಗೂ ನನ್ನ ಹೆಂಡತೀನ ಹಿಡಿಯತಿದ್ದಳು.

ಒಂದು ಸಂಜಿ ಇಬ್ಬರನ್ನೂ ಹತ್ತಿಸಿ ಆಕಿ ರೊಟ್ಟಿ ಬಡಿಯಾಕ ಒಳಗ ಹೋದಳು. ನಾನು ಬಂದೆ. ಮರುದಿನ ಕಿತ್ತೂರಾಗ ಒಂದು ವಾಡೇಕ್ಕ ಸುಣ್ಣ ಹಚ್ಚೂದಿತ್ತು. ಆ ಊರ ಚಕ್ಕಡಿ ನಿಂತಿತ್ತು. ಮ್ಯಾಲ ನೋಡಲಿಲ್ಲ. ಏಣಿ ತಗದೆ, ಚಕ್ಕಡಿಗೆ ಹೇರಿದೆ, ಅದನ್ನ ಕಳಿಸಾಕ ಊರಬಾಗಿಲ ಅಗಸೀ ತನಕ ಹೋದೆ.

ಮಾಳಿಗಿ ಮ್ಯಾಲ ಇಬ್ಬರೂ ಒದರಿದರು. ದಿನದ ಜಗಳ ಅಂತ ಹೆಂಡತಿ ಏಳಲಿಲ್ಲ. ಕಡೀಗೆ ಇಬ್ಬರೂ ಧೋತರ ಬಿಚ್ಚಿ, ಎರಡಕ್ಕೂ ಗಂಟು ಹಾಕಿದರು. ಕ್ಷೌರದಾಂವ ಮ್ಯಾಲ ಹಿಡಿದ. ಚಾದಂಗಡಿಯಾಂವ ಅರ್ಧಾ ಇಳಿದು, ಅಂಜಿ, ಬರೀ ಚಡ್ಡಿ ಮ್ಯಾಲ ಜೋತುಬಿದ್ದ.

“ಬಿಡಬ್ಯಾಡೋ!”

“ಹೆಂಗ ಬಿಡ್ಲಿ? ನಿನ್ನ ಕೂಡ ನನ್ನ ಧೋತರಾನೂ ಹೋಗತೈತಿ!”

ನಾನು ಬರೂದ್ರಾಗ ಓಣಿ ತುಂಬ ಮಂದಿ. ಆ ಸಂಜಿ ಚಿಕ್ಕಿ ಹೋತೋ ಇಲ್ಲೋ, ಹೇಳೂವರು ಯಾರೂ ಇರಲಿಲ್ಲ.

ಅಲ್ಲಿಂದ ನಾನು ಏಣಿ ಮುಟ್ಟಿದರ ಸಾಕು, ಒಳಗಿನಿಂದ ಹೆಂಡತಿ “ತಗೀಬ್ಯಾಡ್ರಿ, ಮ್ಯಾಲ ಮಂದಿ ಅದಾರ” ಅಂದು ನಗತಿದ್ದಳು.

ಮುಂದಿನ ದೀಪಾವಳಿ ಹೊತ್ತಿಗೆ ಹಾಸಿಗಿ ಹಿಡಿದಳು. ಮತ್ತ ಕಿತ್ತೂರ ವಾಡೇದ ಕೆಲಸ ಬಂತು. ಸಂಜೀಕೆ ಏಣಿ ಮುಟ್ಟಿದೆ. ಒಳಗಿನಿಂದ ಅದ ಮಾತು ಅಂದಳು. ನಗಿ ಕೇಳಲಿಲ್ಲ. ಒಳಗ ಹೋದೆ. ಹೋಗಿಬಿಟ್ಟಿದ್ದಳು.

ಮರುದಿನ ಮುಂಜಾನೆ ಕ್ಷೌರದಾಂವ, ಚಾದಂಗಡಿಯಾಂವ ಇಬ್ಬರೂ ನಮ್ಮ ಕಟ್ಟಿ ಮ್ಯಾಲ ಕುಂತಿದ್ದರು. ಕಿತ್ತೂರ ಚಕ್ಕಡಿ ಬಂತು. ಪಾಪ, ಚಕ್ಕಡಿ ಹೊಡಿಯಾಂವಗ ಗೊತ್ತಿಲ್ಲ, ಏಣಿ ಕೇಳಿದ. ಇಬ್ಬರೂ ಎದ್ದು ಅದಕ್ಕ ಕೈ ಹಚ್ಚಿದರು.

“ತಗೀಬ್ಯಾಡ್ರಿ” ಅಂದೆ. “ಮ್ಯಾಲ ಮಂದಿ ಅದಾರ.”

ರಷ್ಯಾ, ಅಮೆರಿಕಾ ಎರಡೂ ಮ್ಯಾಲ ನೋಡಿದುವು.

ನಾನು ಹೋಗಿ ಏಣಿ ಗಟ್ಟಿಯಾಗಿ ಹಿಡಕೊಂಡು ನಿಂತೆ.